ಎಡಗಿವಿಯ ಬಾಜು

ಹತ್ತಿಯನ್ನು ಅವಳು ದೇವರ ಜಗಲಿಯಿಂದ ಎತ್ತಿಕೊಂಡಿದ್ದಳು. ಬತ್ತಿ ಹೊಸೆಯಲೆಂದು ಅವ್ವ ಹಿಂಜಿಟ್ಟ ಹತ್ತಿ. ಎರಡು ಚಿಟಿಕೆ ಕಡಿಮೆಯಾದರೆ ಯಾರಿಗೂ ತಿಳಿಯುವಂಥದಲ್ಲ. ಖಾನಾಪುರದ ಬಸ್ಸಿನಲ್ಲಿ ಅಪ್ಪನ ಎಡಗಡೆ ಕೂತ ಕಾಶವ್ವ, ಕರವಸ್ತ್ರದ ತುದಿಯಲ್ಲಿ ಗಂಟು ಕಟ್ಟಿದ ಆ ಹತ್ತಿಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದಳು. ಒತ್ತಿದಾಗ ಏನೂ ಇಲ್ಲದಂತಾಗುತ್ತಿತ್ತು, ಬಿಟ್ಟ ಕೂಡಲೇ ಮತ್ತೆ ಉಬ್ಬುತ್ತಿತ್ತು. ಅಪ್ಪ ಗುರುಪಾದಪ್ಪನ ತೊಡೆಗಳ ನಡುವೆ ಕ್ಯಾನ್ವಾಸಿನ ಉದ್ದನೆಯ ಚೀಲ ನಿಂತಿತ್ತು. ಅದೇನು ಎಂದು ಕಂಡಕ್ಟರ್ ಮೆಲ್ಲಗೆ ಕೇಳಿದ. ಬಂದೂಕು, ತನ್ನದಲ್ಲ, ಗಿರಾಕಿಯದು, ತಾನು ರಿಪೇರಿಯ ಲೈಸನ್ಸು ಇರುವ ಮಿಸ್ತ್ರಿ ಎಂದು ಅಪ್ಪ ಇಡೀ ಬಸ್ಸಿಗೆ ಕೇಳುವಂತೆ ಹೇಳಿದ. ಎಡಗಿವಿ ಪೂರ್ತಿ ಸತ್ತು ಬಲಗಿವಿ ಅರ್ಧ ಉಳಿದವನಿಗೆ ತನ್ನ ದನಿಯ ಅಳತೆ ಎಲ್ಲಿಂದ ಬರಬೇಕು. ಮುಂದಿನ ಸೀಟಿನ ಹೆಂಗಸು ಹೊರಳಿ ನೋಡಿದಳು. ಅಷ್ಟಕ್ಕೇ ಬಿಡದೆ, ಇವಳು ಮಗಳೆಂದೂ, ಬಿ.ಎಸ್ಸಿ. ಪಾಸಾಗಿದ್ದಾಳೆಂದೂ, ಇಪ್ಪತ್ತೈದು ತುಂಬಿದೆಯೆಂದೂ, ಎರಡು ಮನೆಯವರು ಬಂದು ನೋಡಿ ಹುಡುಗಿಗೆ ಬಾಯೇ ಇಲ್ಲವೆಂದು ಹೋದರೆಂದೂ ಹೇಳಿದ. ಬಸ್ಸು ಮಚ್ಛೆ ಊರು ದಾಟುವಷ್ಟರಲ್ಲಿ ಅವಳ ವಿಷಯ ತಿಳಿಯದವರು ಅದರಲ್ಲಿ ಯಾರೂ ಉಳಿದಿರಲಿಲ್ಲ. ಕಾಶವ್ವ ಕಿಟಕಿಯ ಕಡೆ ನೋಡುವವಳಂತೆ ಅಪ್ಪನ ಹೆಗಲಿಗೆ ಬಾಗಿದಳು. ಅವಳ ತುಟಿಯಿಂದ ಅವನ ಎಡಗಿವಿಗೆ ನಾಲ್ಕು ಬೆರಳಿನ ಅಂತರವಿತ್ತು. ಎಂದಿನಂತೆ ಹೇಳಿದಳು, ಎಂದಿನಷ್ಟೇ ಮೆಲ್ಲಗೆ: "ಸಾಯಿ ನೀ."

ಅಪ್ಪ ಕಣ್ಣು ಮುಚ್ಚಿ ನಕ್ಕ.

ಈ ಮಾತು ಅವಳ ಬಾಯಿಂದ ಮೊದಲ ಸಲ ಹೊರಬಿದ್ದಾಗ ಅವಳಿಗೆ ಹದಿನೇಳು. ಪೇಟೆಯ ಔಷಧದ ಅಂಗಡಿಯಲ್ಲಿ ಚೀಟಿ ಬರೆದು ಕೊಟ್ಟಿದ್ದಳು, ಅದನ್ನು ತೋರಿಸಿದರೆ ಸಾಕಿತ್ತು. ಅವನು ಚೀಟಿಯನ್ನು ದೂರ ಹಿಡಿದು ಓದಲು ಹವಣಿಸಿ, ಆಗದೆ, "ಹೆಣ್ಮಕ್ಕಳ ತಿಂಗಳ ಬಟ್ಟಿ ಕೊಡ್ರಿ, ನಮ್ಮ ಹುಡಗಿಗಿ" ಎಂದು ಕೂಗಿದ್ದ. ಅವಳ ಕ್ಲಾಸಿನ ಇಬ್ಬರು ಹುಡುಗರು ಅಲ್ಲೇ ಸೋಡಾ ಕುಡಿಯುತ್ತ ನಿಂತಿದ್ದರು. ಪೊಟ್ಟಣಕ್ಕೆ ಹಳೆಯ ಪೇಪರು ಸುತ್ತಿಸಿಕೊಂಡು ಮನೆಗೆ ಬರುವಾಗ ಅವನ ಎಡಕ್ಕೆ ನಡೆಯುತ್ತಿದ್ದವಳ ಬಾಯಿಂದ ಅದು ತಾನಾಗಿ ಬಿದ್ದಿತ್ತು. ಅವಳು ಅಲ್ಲೇ ನಿಂತುಬಿಟ್ಟಿದ್ದಳು. ಅವನು ಹತ್ತು ಹೆಜ್ಜೆ ಮುಂದೆ ಹೋಗಿ ಬದನೆಕಾಯಿ ಚೌಕಾಸಿ ಮಾಡುತ್ತಿದ್ದ. ಏನೂ ಆಗಲಿಲ್ಲ. ಆಕಾಶ ಬೀಳಲಿಲ್ಲ, ಅವನು ಸಾಯಲೂ ಇಲ್ಲ. ಎದುರಿಗೆ ಅವನನ್ನು ರೀ ಹಚ್ಚದೆ ಮಾತಾಡಿಸಿದವಳಲ್ಲ. ಆ ಕಿವಿಯ ಬಾಜು ಮಾತ್ರ ಅವನು ನೀ ಆದ. ಮೊದಮೊದಲು ಸಿಟ್ಟು ಬಂದಾಗ ಅಷ್ಟೇ ಹೇಳುತ್ತಿದ್ದಳು. ಆಮೇಲೆ ಸಿಟ್ಟು ಬರದ ದಿನವೂ, ಹಲ್ಲುಜ್ಜಿದಂತೆ, ಒಮ್ಮೆ ಹೇಳಿದರೆ ಹಗುರಾಗುತ್ತಿತ್ತು. ಧಾರವಾಡಕ್ಕೆ ಎಂ.ಎಸ್ಸಿ. ಓದಲು ಹೋಗುತ್ತೇನೆಂದು ಫಾರ್ಮು ತಂದಿಟ್ಟಾಗ, ನಳಿಗೆಯೊಳಗೆ ನೋಡುವುದನ್ನು ಧಾರವಾಡದಲ್ಲಿ ಕಲಿಸುತ್ತಾರೇನು ಎಂದು ಅವನು ಗಿರಾಕಿಗಳ ಮುಂದೆ ಕೇಳಿದ್ದ. ಎಲ್ಲರೂ ನಕ್ಕಿದ್ದರು. ಕನ್ನಡಕ ಹಾಕಿದರೂ ಅವನ ಕಣ್ಣು ಹತ್ತಿರದ್ದನ್ನು ಹಿಡಿಯದಾಗಿ ಆಗಲೇ ಮೂರು ವರ್ಷವಾಗಿತ್ತು, ಅಂಗಡಿ ನಡೆಯುತ್ತಿದ್ದದ್ದು ಅವಳ ಕಣ್ಣಿನಿಂದ. ಆ ದಿನ ಅವಳು ಎರಡು ಸಲ ಹೇಳಿದ್ದಳು.

ಆದರೆ ಅಪ್ಪ ಅದನ್ನು ಬೇರೆಯೇ ಮಾಡಿಟ್ಟ. ಒಂದು ಸೋಮವಾರ ಮನೆಗೆ ಬಂದಿದ್ದ ಮಠದ ಅಯ್ಯನವರ ಮುಂದೆ, ತನ್ನ ಮಗಳು ದಿನಾ ತನ್ನ ಸತ್ತ ಕಿವಿಯಲ್ಲಿ ಮಂತ್ರ ಹೇಳುತ್ತಾಳೆ, ಕೇಳಿಸುವುದಿಲ್ಲ, ಆದರೆ ಉಸಿರು ಹತ್ತುತ್ತದೆ ಎಂದು ಹೇಳಿದ. ಗುರು ಕಿವಿಯಲ್ಲಿ ಮಂತ್ರ ಹೇಳುವುದು ದೀಕ್ಷೆಯಲ್ಲಿ ಒಂದೇ ಸಲ, ನಿನಗೆ ದಿನಾ ಆಗುತ್ತಿದೆಯಲ್ಲ, ಪುಣ್ಯವಂತ ಎಂದರು ಅಯ್ಯನವರು. ಅವ್ವ ಬಾಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾಶವ್ವ ಪ್ರಸಾದದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾಚಿಕೆಯಾಯಿತೇ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಾಳೆ. ಆಗಿದ್ದದ್ದು ನಾಚಿಕೆಯಲ್ಲ. ತನ್ನದೆಂಬ ಒಂದೇ ಒಂದು ವಸ್ತುವನ್ನೂ ಇವನು ಕಿತ್ತುಕೊಂಡು ತನ್ನ ಹೆಸರು ಬರೆಸಿಕೊಂಡನಲ್ಲ ಎನಿಸಿತ್ತು. ಅಂದಿನಿಂದ ಅವಳು ಮರೆತರೆ ಅವನೇ ನೆನಪಿಸುತ್ತಿದ್ದ. ಅಂಗಡಿಯ ಬಾಗಿಲು ಎತ್ತಿ, ಊದುಬತ್ತಿ ಬೆಳಗಿ, ಕುತ್ತಿಗೆ ಓರೆ ಮಾಡಿ ಎಡಗಿವಿ ಕೊಡುತ್ತಿದ್ದ, ಕ್ಷೌರಿಕನ ಮುಂದೆ ಕೂತವರ ಹಾಗೆ. ಆ ಕಿವಿಯೊಳಗಿಂದ ಬಿಳಿಯ ಕೂದಲು ಹೊರಗೆ ಬಂದಿತ್ತು. ಅವಳು ಬಾಗಿ, ಹೇಳಿ, ಕಸ ಹೊಡೆಯಲು ಹೋಗುತ್ತಿದ್ದಳು.

ಈಗ ಚೀಲದಲ್ಲಿರುವ ರೈಫಲ್ಲು ರಾಯಪ್ಪನದು. ಹಾಲುಮತದವನು, ಫೌಜಿನಲ್ಲಿ ಹವಾಲ್ದಾರನಾಗಿದ್ದು ಪೆನ್ಷನ್ ಬಂದ ಮೇಲೆ ಖಾನಾಪುರದ ಬಾಜು ಭತ್ತ ಮಾಡಿಕೊಂಡಿದ್ದಾನೆ. ಕಾಡುಹಂದಿ ಗದ್ದೆಗಿಳಿಯುತ್ತವೆಂದು ಬೆಳೆರಕ್ಷಣೆಗೆ ಲೈಸನ್ಸು. ಟ್ರಕ್ಕು ಮಗುಚಿ ಬಲಹೆಗಲ ಎಲುಬು ಮುರಿದ ಮೇಲೆ ರೈಫಲ್ಲಿನ ಒದೆತ ತಡೆಯದಾಯಿತು. ಅವನ ಹಳೆಯ ಮೇಜರ್ ಸಾಹೇಬರು ಹೊರದೇಶದಿಂದ ಒಂದು ಬ್ರೇಕು ತರಿಸಿಕೊಟ್ಟಿದ್ದರು. ನಳಿಗೆಯ ಬಾಯಿಗೆ ತಿರುಗಿಸಿ ಕೂರಿಸುವ ಹೆಬ್ಬೆರಳುದ್ದದ ಉಕ್ಕು, ಎರಡೂ ಮಗ್ಗುಲಿಗೆ ಮೀನಿನ ಕಿವಿರಿನಂತೆ ಸೀಳು. ಗುಂಡಿನ ಹಿಂದೆ ಬರುವ ಹೊಗೆ ಆ ಸೀಳುಗಳಿಂದ ಬಾಜುವಿಗೆ ಹೊರಳಿ, ಬಂದೂಕು ಹೆಗಲಿಗೆ ಒದೆಯುವುದನ್ನು ಹಿಡಿದಿಡುತ್ತದೆ. ಅಪ್ಪ ಅಂಥದನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಆಟೋ ನಗರದ ತನ್ನ ಹತ್ತಡಿ ಅಂಗಡಿಯಲ್ಲಿ ಎರಡು ದಿನ ಲೇಥಿನ ಮುಂದೆ ನಿಂತು ನಳಿಗೆಯ ತುದಿಗೆ ತಿರುಪಿನ ಮರೆ ಕೊರೆದ. ತಿರುಗಿಸಿ ಬಿಗಿ ಮಾಡಿದರೆ ಸೀಳುಗಳು ಓರೆ ನಿಲ್ಲುತ್ತಿದ್ದವು, ಒಂದು ಮೇಲೆ, ಒಂದು ಕೆಳಗೆ. ನಡುವೆ ತೆಳುವಾದ ವಾಶರು ಉಜ್ಜಿ ಉಜ್ಜಿ ಹಾಕಿದ. ಕೊನೆಗೆ ನಳಿಗೆಯೊಳಗೆ ನೆಟ್ಟಗಿನ ಸಲಾಕೆ ತೂರಿಸಿ ಅವಳನ್ನು ಕರೆದ. ಬ್ರೇಕಿನ ಬಾಯಿಯಲ್ಲಿ ಸಲಾಕೆಯ ಸುತ್ತಲೂ ಬೆಳಕಿನ ಉಂಗುರ ಕಾಣಬೇಕು, ಎಲ್ಲ ಕಡೆಗೂ ಒಂದೇ ದಪ್ಪ. ಮೊದಲು ಕಂಡದ್ದು ಬಿದಿಗೆಯ ಚಂದ್ರ. "ಕೆಳಗ ಸಣ್ಣ ಐತ್ರಿ" ಎಂದಳು, ಬಲಕ್ಕೆ ಬಂದು, ದೊಡ್ಡ ದನಿಯಲ್ಲಿ. ಅವನು ಬಿಚ್ಚಿದ, ಉಜ್ಜಿದ, ಮತ್ತೆ ಹಾಕಿದ. ಏಳನೆಯ ಸಲಕ್ಕೆ ಉಂಗುರ ಪೂರ್ತಿಯಾಯಿತು. ಅವಳು ಬೇಕೆಂದೇ ಒಂದು ಗಳಿಗೆ ಸುಮ್ಮನಿದ್ದಳು. ಅಪ್ಪನ ಅರವತ್ತು ವರ್ಷದ ಮುಖ ಅವಳ ಬಾಯಿಯ ಮುಂದೆ ಹಸಿದ ಹಾಗೆ ನಿಂತಿತ್ತು. ಸಮ ಐತ್ರಿ ಎಂದಾಗ ಅವನ ಕಣ್ಣಲ್ಲಿ ನೀರು ಬಂತು. ಅಂಥ ಸಣ್ಣ ಸುಖ ಅವಳಿಗೆ ಬೇರೆಲ್ಲೂ ಸಿಗುತ್ತಿರಲಿಲ್ಲ.

ಬ್ರೇಕಿನ ಜೊತೆಗೆ ಇಂಗ್ಲಿಷಿನ ಒಂದು ಕಾಗದವಿತ್ತು. ಅಪ್ಪನಿಗೆ ಕನ್ನಡ, ಮರಾಠಿ ಬರುತ್ತದೆ, ಅದು ಬಾರದು. ಅವಳು ಒಂದೊಂದೇ ಸಾಲು ಓದಿ ಬಲಗಿವಿಯಲ್ಲಿ ಕನ್ನಡ ಮಾಡಿ ಹೇಳಿದಳು; ಅವನು ತಲೆಯಾಡಿಸುತ್ತ ಕೇಳಿದ. ಕೆಳಗೆ, ಕಪ್ಪು ಚೌಕಟ್ಟಿನೊಳಗೆ, ಕೊನೆಯ ಸಾಲು: ಇದನ್ನು ಹಾಕಿದ ಮೇಲೆ ಸದ್ದು ಬಾಜುವಿಗೂ ಹಿಂದಕ್ಕೂ ಬರುತ್ತದೆ, ಹತ್ತಿರ ನಿಂತವರ ಕಿವಿ ಕಾಯಂ ಹೋಗಬಹುದು, ಮುಚ್ಚಿಕೊಳ್ಳದೆ ನಿಲ್ಲಬಾರದು. ಅದನ್ನು ಓದಿ ಅವಳ ನಾಲಗೆ ನಿಂತಿತು. ಯಾಕೆ ನಿಂತಿತೆಂದು ಅವಳಿಗೆ ಆಗ ತಿಳಿಯಲಿಲ್ಲ, ಖರೇ ತಿಳಿಯಲಿಲ್ಲ. ಲೇಥಿನ ಬಲ್ಬಿಗೆ ಒಂದು ಹುಳ ಬಡಿದುಕೊಳ್ಳುತ್ತಿತ್ತು, ಅದನ್ನೇ ನೋಡುತ್ತಿದ್ದಳು. ಮುಗಿಯಿತೇನು ಎಂದು ಅಪ್ಪ ಕೇಳಿದ. "ಮುಗೀತ್ರಿ" ಎಂದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಡಿಯ ರಜಿಸ್ಟರಿನ ಕೊನೆಯ ಪುಟದಲ್ಲಿಟ್ಟಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ಬಂತು. ಇವತ್ತು ಹೊತ್ತೇರುವ ಮೊದಲೆದ್ದು, ಹೇಳುವ ಬದಲು ಜಗಲಿಯ ಮುಂದೆ ನಿಂತು ಹತ್ತಿಗೆ ಕೈ ಹಾಕಿದ್ದಳು.

ಖಾನಾಪುರದಲ್ಲಿ ಇಳಿದಾಗ ರಾಯಪ್ಪ ಎತ್ತಿನ ಗಾಡಿ ತಂದು ಕಾದಿದ್ದ. ಹಂಚಿನ ಕಾರಖಾನೆಯವರು ಎಷ್ಟೋ ವರ್ಷ ಮಣ್ಣು ತೋಡಿ ಬಿಟ್ಟುಹೋದ ಒಂದು ಆಳದ ಕುಣಿ ಅವನ ಗದ್ದೆಯ ಹಿಂದಿದೆ. ಮೂರು ಕಡೆ ಕೆಂಪು ಮಣ್ಣಿನ ಗೋಡೆ. ಗುಂಡು ಅದರಲ್ಲಿ ಹುಗಿದು ಹೋಗುತ್ತದೆ, ಯಾರಿಗೂ ಅಪಾಯವಿಲ್ಲ ಎಂದು ಅವನೇ ಆ ಜಾಗ ಆರಿಸಿದ್ದ. ಅವನ ಹೆಂಡತಿ ಮಾಯವ್ವ ಮಜ್ಜಿಗೆಯ ಚರಿಗೆ ಹಿಡಿದು ಬಂದಿದ್ದಳು. ಕುಣಿಯ ಅಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸರಿಗೆ ಮರಾಠಿಯಲ್ಲಿ ದೂರ ಹೋಗಿರೆಂದು ಕೂಗಿ, ಕಾಶವ್ವನ ಗಲ್ಲ ಮುಟ್ಟಿ, "ಇಷ್ಟ ಶಾಣೇ ಹುಡಗಿ, ಯಾಕ ಇಷ್ಟ ಸಪ್ಪಗ ಅದಾಳ" ಎಂದು ನಕ್ಕಳು. ಕಾಶವ್ವ ಬಯಲಿಗೆ ಹೋಗಿ ಬರುತ್ತೇನೆಂದು ಪೊದೆಯ ಹಿಂದೆ ಹೋದಳು. ಗಂಟು ಬಿಚ್ಚಿ, ಹತ್ತಿಯನ್ನು ಉಗುಳಿನಲ್ಲಿ ನಾದಿ ಎರಡೂ ಕಿವಿಗೆ ತುರುಕಿದಳು. ಜಡೆ ಬಿಚ್ಚಿ ಕಿವಿ ಮುಚ್ಚುವಂತೆ ಮತ್ತೆ ಹೆಣೆದಳು. ಲೋಕ ಒಮ್ಮೆಲೇ ದೂರ ಸರಿಯಿತು. ಅಪ್ಪನಿಗೆ ಹನ್ನೆರಡು ವರ್ಷದಿಂದ ಹೀಗೆಯೇ ಇರುತ್ತದೇನೋ ಎನಿಸಿತು. ಅನಿಸಿದ್ದನ್ನು ಅಲ್ಲೇ ಬಿಟ್ಟು ಬಂದಳು.

ರಾಯಪ್ಪ ಮಣ್ಣಿನ ಚೀಲಗಳ ಮೇಲೆ ರೈಫಲ್ಲಿಟ್ಟು ಕೂತ. ಫೌಜಿನವನಿಗೆ ಏನೋ ಅನುಮಾನ. ಈ ಸಾಮಾನಿಗೆ ಆವಾಜು ಹೆಚ್ಚೇನು, ಕಾಗದದಲ್ಲಿ ಏನಾದರೂ ಬರೆದಾರೇನು ತಂಗಿ ಎಂದು ಅವಳನ್ನೇ ಕೇಳಿದ. ಹತ್ತಿಯೊಳಗಿಂದ ಅವನ ಮಾತು ನೀರಿನಡಿಯಿಂದ ಬಂದಂತೆ ಬಂತು, ಆದರೆ ಬಂತು. "ಎಲ್ಲಾ ಅಪ್ಪಾರಿಗಿ ಓದಿ ಹೇಳೇನ್ರಿ" ಎಂದಳು. ಅಪ್ಪ ಎಂದಿನಂತೆ ರಾಯಪ್ಪನ ಬಲಕ್ಕೆ ನಿಂತ. ಸತ್ತ ಕಿವಿಯನ್ನು ಬಂದೂಕಿನ ಕಡೆ ಕೊಟ್ಟು ನಿಲ್ಲುವುದು ಅವನ ರೂಢಿ. ಹನ್ನೆರಡು ವರ್ಷದ ಹಿಂದೆ ಒಂದು ನಾಡಬಂದೂಕು ಕೈಯಲ್ಲೇ ಒಡೆದು ಎಡಗಿವಿ ಹೋದ ಮೇಲೆ ಉಳಿದದ್ದನ್ನು ಹೀಗೆ ಕಾದುಕೊಂಡು ಬಂದಿದ್ದ. ಸಾಯೋದು ಒಂದು ಸಲ ಸತ್ತಾಗೈತಿ, ಇನ್ನ ಅದ ಉಳಿದ ಕಿವಿಗಿ ಢಾಲು ಎನ್ನುತ್ತಿದ್ದ.

ಮೊದಲ ಗುಂಡು. ಸದ್ದಲ್ಲ ಅದು, ಕಪಾಳಕ್ಕೆ ಹೊಡೆದ ಹಾಗೆ. ಮೂರು ಗೋಡೆಗಳಿಂದ ಅದು ಮತ್ತೆ ಮತ್ತೆ ಬಂತು. ನಳಿಗೆಯ ಎರಡೂ ಬಾಜು ಕೆಂಪು ಧೂಳು ರೆಕ್ಕೆಯ ಹಾಗೆ ಎದ್ದಿತು, ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ. ಹೆಗಲಿಗೆ ಏನೂ ಆಗಲಿಲ್ಲ ಎಂದು ರಾಯಪ್ಪ ಬೆರಗಾಗಿ ಹೇಳುತ್ತಿದ್ದ. ಅಪ್ಪನಿಗೆ ಅದು ಬೇಕಿರಲಿಲ್ಲ, ಅವನು ಧೂಳನ್ನೇ ನೋಡುತ್ತಿದ್ದ. ಸಮ, ಎರಡೂ ಬಾಜು ಸಮ ಎಂದು ಕೂಗಿದ. ಬಲಗಿವಿಯನ್ನು ಕಿರುಬೆರಳಿನಿಂದ ಅಲ್ಲಾಡಿಸಿಕೊಂಡು, ತಲೆ ಕೊಡವಿ, ಇನ್ನೊಂದು ಹಾರಿಸಿರಿ ಎಂದ.

ಕಾಶವ್ವನಿಗೆ ಆ ಕಿರುಬೆರಳು ಕಂಡಿತು. ಈಗ ಎದುರಿಗೆ ಹೋಗಿ ಕೈ ಅಡ್ಡ ಹಿಡಿದರೆ ಮುಗಿಯಿತು. ತನ್ನ ಕಿವಿಯ ಹತ್ತಿ ತೆಗೆದು ಅವನ ಕಿವಿಗೆ ಇಟ್ಟರೂ ಆದೀತು. ಆದರೆ ಹಾಗಾದರೆ ಹತ್ತಿ ಎಲ್ಲಿತ್ತೆಂದು ಹೇಳಬೇಕಾಗುತ್ತದೆ. ಅವಳು ನಡೆದಳು. ಕಾಲು ಅವಳನ್ನು ಒಯ್ದದ್ದು ರೂಢಿಯಾದ ಜಾಗಕ್ಕೆ, ಅವನ ಬೆನ್ನ ಹಿಂದೆ, ಎಡ ಹೆಗಲಿನ ಹತ್ತಿರಕ್ಕೆ. ಬಾಗಿ, ರೂಢಿಯಾದ ದನಿಯಲ್ಲಿ, "ಕಿವಿ ಮುಚ್ಚಿಕೋರಿ, ಬಾಜು ನಿಂದರಬ್ಯಾಡ್ರಿ" ಎಂದಳು. ರೀ ಹಚ್ಚಿದ್ದಳು. ನಾಳೆ ಯಾರಾದರೂ ಕೇಳಿದರೆ ಹೇಳಿದ್ದೆ ಎನ್ನಬಹುದು, ದೇವರು ಕೇಳಿದರೂ ಎನ್ನಬಹುದು. ಹೇಳಿ ಒಂದು ಹೆಜ್ಜೆ ಹಿಂದೆ ಸರಿದಳು. ಉಸಿರು ಅಪ್ಪನ ಕಿವಿಗೆ ಹತ್ತಿತು. ಅವನ ಮುಖವರಳಿತು. ಹೊರಗಿನವರ ಎದುರಿಗೆ, ನಡುಬಯಲಿನಲ್ಲಿ, ಮಗಳು ಕೇಳದೆಯೇ ಬಂದು ಮಂತ್ರ ಹೇಳಿದಳಲ್ಲ. "ಯವ್ವಾ" ಎಂದು ಅವನು ಪೂರ್ತಿ ಅವಳ ಕಡೆ ತಿರುಗಿದ. ತಿರುಗಿದಾಗ ಬಲಗಿವಿ ಬಂದೂಕಿನ ಕಡೆ ಬಂತು. ರಾಯಪ್ಪನ ಕಣ್ಣು ಗುರಿಯ ಮೇಲಿತ್ತು. ಎರಡನೆಯ ಗುಂಡು ಹಾರಿತು.

ಅಪ್ಪ ಬೀಳಲಿಲ್ಲ. ಏನೋ ಕಳೆದದ್ದನ್ನು ಹುಡುಕುವವನಂತೆ ಮೆಲ್ಲಗೆ ಕೂತ. ನಗು ಮುಖದ ಮೇಲೆ ಹಾಗೇ ಉಳಿದಿತ್ತು, ತೆಗೆಯಲು ಮರೆತವರ ಹಾಗೆ. "ಮಳಿ ಬಂತೇನು?" ಎಂದ. ಆಕಾಶ ಸ್ವಚ್ಛವಿತ್ತು. ಮಾಯವ್ವ ಚರಿಗೆ ಬಿಟ್ಟು ಓಡಿ ಬಂದಳು, ಮಜ್ಜಿಗೆ ಕೆಂಪು ಮಣ್ಣಿನಲ್ಲಿ ಬಿಳಿಯ ದಾರಿ ಮಾಡಿಕೊಂಡು ಹೋಯಿತು. ರಾಯಪ್ಪ ಅವನ ಮುಂದೆ ಕೂತು ಏನೇನೋ ಕೂಗುತ್ತಿದ್ದ. ಅಪ್ಪ ಅವನ ಬಾಯಿಯನ್ನು ನೋಡಿದ, ಮಾಯವ್ವನ ಬಾಯಿಯನ್ನು ನೋಡಿದ, ಆಮೇಲೆ ಮಗಳ ಬಾಯಿಯನ್ನು ನೋಡಿದ. ಅವಳ ಬಾಯಿ ಮುಚ್ಚಿತ್ತು.

ಡಾಕ್ಟರು ಒಂದು ತಿಂಗಳು ಗುಳಿಗೆ ಕೊಟ್ಟು, ನರ ಹೋಗ್ಯಾವು, ಇನ್ನು ಬರುವುದಿಲ್ಲ ಎಂದರು. ಕಾಗದದ ವಿಷಯ ಯಾರೂ ಕೇಳಲಿಲ್ಲ, ಹೇಳಿದ್ದೆ ಎಂಬ ಮಾತು ಅವಳ ಹತ್ತಿರವೇ ಉಳಿಯಿತು. ತಿಳಿದೂ ಕೇಳದೆ ಇದ್ದವಳು ಅವ್ವ. ಖಾನಾಪುರದಿಂದ ಬಂದ ಮರುದಿನ ಬಟ್ಟೆ ಒಗೆಯುವಾಗ ಕರವಸ್ತ್ರದ ಗಂಟಿನಲ್ಲಿ ಹತ್ತಿಯ ಎರಡು ಉಂಡೆ ಸಿಕ್ಕಿದ್ದವು, ಕಿವಿಯ ಹಳದಿ ಹತ್ತಿದ್ದು. ಅವ್ವ ಅವನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದಳು. ರಾಮತೀರ್ಥ ನಗರದ ಅವರ ಬಾಡಿಗೆ ಮನೆಯ ಹಿತ್ತಲಲ್ಲಿ ಒಗೆಯುವ ಕಲ್ಲಿನ ಈಚೆ ಅವ್ವ, ಆಚೆ ಕಾಶವ್ವ. ಸಂಜೆ ದೀಪದ ಹೊತ್ತಿಗೆ ಅವ್ವ ಅದೇ ಹತ್ತಿಯನ್ನು ಬಿಡಿಸಿ, ಬತ್ತಿ ಹೊಸೆದು, ಎಣ್ಣೆಯಲ್ಲಿ ಅದ್ದಿ ಜಗಲಿಯ ಮೇಲೆ ಹಚ್ಚಿದಳು. ಬತ್ತಿ ಚಟಚಟ ಎಂದಿತು. "ಕೈ ಮುಗಿ" ಎಂದಳು. ಕಾಶವ್ವ ಮುಗಿದಳು.

ಅಪ್ಪ ಕಿವಿಯ ಕೆಲಸವನ್ನು ಕಣ್ಣಿಗೆ ಕೊಟ್ಟ. ಹತ್ತಿರದ ಸಲಾಕೆ ಕಾಣದ ಕಣ್ಣು ಎರಡು ಮಾರು ದೂರದ ತುಟಿಯನ್ನು ಹಿಡಿಯತೊಡಗಿತು. ಯಾರು ಮಾತಾಡಿದರೂ ಅವರ ಬಾಯಿಯನ್ನೇ ನೋಡುವನು, ನೋಡಿ ನೋಡಿ ಅರ್ಧ ಹಿಡಿಯುವನು. ಹಿಡಿಯದಿದ್ದರೆ ಬರೆದು ತೋರಿಸಿರೆಂದು ಪಾಟಿ ಮುಂದೆ ಮಾಡುವನು. ಕಾಶವ್ವ ಹುಟ್ಟಿದಾಗಿನಿಂದ ಅವನು ಅವಳ ಮುಖವನ್ನು ಇಷ್ಟು ನೋಡಿರಲಿಲ್ಲ. ಒಂದೆರಡು ಸಲ ಎಡ ಹೆಗಲಿನ ಹತ್ತಿರ ಹೋಗಿ ನಿಂತಳು. ಅವಳು ಬಾಗುವ ಮೊದಲೇ ನೆರಳು ಕಂಡು ಅವನು ತಿರುಗಿಬಿಡುತ್ತಿದ್ದ, ತಿರುಗಿ ತುಟಿ ನೋಡುತ್ತಿದ್ದ. ಆ ಬಾಜು ಮುಚ್ಚಿಹೋಗಿತ್ತು. ಹೇಳದೆ ಉಳಿದ ಮಾತು ದಿನದಿನಕ್ಕೆ ಬಾಯಲ್ಲಿ ದಪ್ಪಗಾಗುತ್ತಿತ್ತು. ಊಟಕ್ಕೆ ಕೂತರೆ ರೊಟ್ಟಿಯ ತುತ್ತು ಅದನ್ನು ದಾಟಿ ಹೋಗಬೇಕಾಗುತ್ತಿತ್ತು.

ಸಂಕ್ರಾಂತಿಯಾದ ವಾರ ರಾಯಪ್ಪ ರೈಫಲ್ಲು ಹಿಡಿದು ಅಂಗಡಿಗೆ ಬಂದ. ಕೂರಲಿಲ್ಲ. ಈ ದರಿದ್ರವನ್ನು ತೆಗೆದು ಹಾಕಿರಿ, ಇದನ್ನು ನೋಡಿದರೆ ಊಟ ಸೇರುವುದಿಲ್ಲ ಎಂದು ಕೈಸನ್ನೆ ಮಾಡಿ ಹೇಳಿದ. ಅಪ್ಪ ಅವನ ಬಾಯಿ ನೋಡಿ ತಿಳಿದುಕೊಂಡು, ಸೀಳುಗಳ ಮೇಲೆ ಬೆರಳಾಡಿಸಿ, ಕೂದಲೆಳೆ ಹೆಚ್ಚುಕಡಿಮೆಯಿಲ್ಲದೆ ಕೂತದ್ದನ್ನು ಯಾಕೆ ತೆಗೆಯಬೇಕು ಎಂದ. ತನಗೆ ಯಾರ ಮೇಲೂ ಸಿಟ್ಟಿಲ್ಲವೆಂದ. ಈ ಕಿವಿಗೆ ಕೊನೆಗೆ ಬಿದ್ದದ್ದು ಗುಂಡಿನ ಸದ್ದು ಖರೇ, ಆದರೆ ತಾನು ತಿರುಗಿದ್ದು ಮಂತ್ರಕ್ಕೆ ಎಂದ. ಅವನ ದನಿ ಈಗ ಪೂರ್ತಿ ಹತೋಟಿ ತಪ್ಪಿಹೋಗಿತ್ತು, ಬಾಜುವಿನ ಗ್ಯಾರೇಜಿನವರೆಲ್ಲ ಕೆಲಸ ನಿಲ್ಲಿಸಿ ಕೇಳುತ್ತಿದ್ದರು.

"ಯವ್ವಾ, ಎದರಿಗಿ ಬಾ. ಹವಾಲ್ದಾರ್ರೂ ಕೇಳ್ಲಿ. ನನಗ ಬಾಯಿ ಕಾಣೂಹಂಗ ಹೇಳು."

ಅವಳು ಬಂದು ನಿಂತಳು. ಬಾಗಿಲಿನ ಬೆಳಕು ನೇರ ಅವಳ ಮುಖಕ್ಕೆ ಬೀಳುತ್ತಿತ್ತು. ಹುಟ್ಟಿದ ದಿನದಿಂದ ಕೇಳುತ್ತ ಬಂದ ಮಂತ್ರ, ಮನೆಯ ಗೋಡೆಯ ಮೇಲೆ ಬರೆದದ್ದು. ಅದಕ್ಕೆ ತುಟಿ ತೆರೆದಳು. ನಮಃ ಶಿವಾಯ. ತುಟಿ ಆಡಿತು, ದನಿ ಬರಲಿಲ್ಲ. ಕಿವುಡನಿಗೆ ದನಿ ಯಾಕೆ ಬೇಕು. ಆದರೆ ರಾಯಪ್ಪ ಕಿವುಡನಲ್ಲ. ಅವನು ಅವಳನ್ನು ನೋಡಿ, ನೆಲ ನೋಡಿ, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಅಪ್ಪ ಕೈ ಮುಗಿಯಲಿಲ್ಲ. ಉಜ್ಜಿದ ವಾಶರು ಇನ್ನೂ ಕೂರದಿದ್ದಾಗ ಹೇಗೆ ನೋಡುತ್ತಿದ್ದನೋ ಹಾಗೆ ಅವಳ ತುಟಿಯನ್ನು ನೋಡಿದ.

"ಇದು ಅದಲ್ಲ," ಎಂದ. "ಎಂಟ ವರ್ಷ ಆ ಉಸರು ಹತ್ತೇತಿ ನನ್ನ ಕಿವೀಗಿ. ಮೊದಲ ಒಂದು ಬಿಸಿ ಹೊಡತಾ, ಆಮ್ಯಾಲ ಸಣ್ಣವು ಎರಡು. ಮೂರ ಇದ್ದವು. ಇವು ಐದ ಅದಾವು. ಸಣ್ಣದ ಮಾಡಿಕೊಂಡ ಹೇಳತಾಳ ಅಂತ ಅನಕೊಂಡಿದ್ನಿ. ಆ ಸಣ್ಣದು ಹೇಳು."

ಅವಳು ಪಾಟಿಗೆ ಕೈ ಚಾಚಿದಳು. ಅವನು ಅದನ್ನು ತನ್ನ ಬೆನ್ನ ಹಿಂದಿಟ್ಟುಕೊಂಡ. ಬರೆಯುವುದು ಬೇಡ, ಬಾಯಲ್ಲಿ ಹೇಳಬೇಕು, ಇವತ್ತಷ್ಟೇ ಅಲ್ಲ, ದಿನಾ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೀಗೆ ಎದುರಿಗೆ ನಿಂತು ಹೇಳಬೇಕು ಎಂದ. ಅವನ ದನಿಯಲ್ಲಿ ಸಿಟ್ಟಿತ್ತೋ, ಬೇಡುವುದಿತ್ತೋ, ತಿಳಿದೇ ಕೇಳುತ್ತಿದ್ದನೋ, ತಿಳಿಯದೆಯೋ. ಆ ದನಿಯಿಂದ ಈಗ ಏನನ್ನೂ ಅಳೆಯುವ ಹಾಗಿರಲಿಲ್ಲ. ಸ್ಟೂಲನ್ನು ಬೆಳಕಿಗೆ ಎಳೆದುಕೊಂಡ. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿ ಮತ್ತೆ ಹಾಕಿಕೊಂಡ. ಮುಖ ಮೇಲೆತ್ತಿದ.

"ನಿಧಾನ ಹೇಳು. ನೀ ಅಂದಂಗ ನಾನೂ ಅಂತೇನಿ."

ಬಾಜುವಿನ ಗ್ಯಾರೇಜಿನಲ್ಲಿ ಯಾರೋ ಎಂಜಿನ್ನು ಬಂದ್ ಮಾಡಿದರು. ರಾಯಪ್ಪ ಹೊರಗೆ ಹೋಗಲು ಒಂದು ಹೆಜ್ಜೆಯಿಟ್ಟು ಅಲ್ಲೇ ನಿಂತ. ಕಾಶವ್ವನ ನಾಲಗೆ ಹಲ್ಲಿನ ಹಿಂದೆ ಹೋಗಿ ತನ್ನ ಹಳೆಯ ಜಾಗದಲ್ಲಿ ಕೂತಿತು. ಬೇರೆ ಯಾವ ಮಾತಿಗೂ ಅದು ಅಲ್ಲಿಂದ ಏಳಲೊಲ್ಲದು. ಅವಳ ತುಟಿ ತೆರೆಯಿತು. ಅಪ್ಪನ ತುಟಿಯೂ ತೆರೆಯಿತು.